25ನೇ ವಿಧಿಯಲ್ಲಿ ಮನಸ್ಸಾಕ್ಷಿ ಅಂತ ಒಂದು ಪದ ಇದೆ

ಉಡುಪಿಯ ಶಿರೂರು ಮಠಕ್ಕೂ ಅದೇ ಊರಿನ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿಗೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಇಲ್ಲ. ಒಂದು ಅಷ್ಟಮಠಗಳಲ್ಲಿ ಒಂದು, ಇನ್ನೊಂದು ಹೆಣ್ಣುಮಕ್ಕಳು ಓದುವ ಜಾಗ. ಆದರೆ ಧರ್ಮದ ಸ್ವಾತಂತ್ರ್ಯದ ವಿಷಯ ಬಂದಾಗಲೆಲ್ಲ 'ಈ ಆಚರಣೆ ಆ ಧರ್ಮಕ್ಕೆ ಅತ್ಯಗತ್ಯವಾ' ಎಂದು ನಮ್ಮ ಕೋರ್ಟುಗಳು ಕೇಳುವ ಒಂದು ಪ್ರಶ್ನೆ ಇದೆಯಲ್ಲ, ಅದು ಹುಟ್ಟಿದ್ದು ಆ ಮಠದ ಕೇಸಿನಲ್ಲಿ. ಹೆಚ್ಚುಕಮ್ಮಿ ಎಪ್ಪತ್ತು ವರ್ಷ ದೇಶವೆಲ್ಲ ಸುತ್ತಾಡಿ ಅದು ತನ್ನ ಊರಿಗೇ ವಾಪಸ್ ಬಂದು ಕಾಲೇಜಿನ ಗೇಟಿನಲ್ಲಿ ನಿಂತಿತು.

ಮಠದ ಕಥೆ ಮೊದಲು. ಪರ್ಯಾಯ ಗೊತ್ತಲ್ಲ. ಎಂಟು ಮಠಗಳು ಸರದಿ ಮೇಲೆ ಎರಡೆರಡು ವರ್ಷ ಕೃಷ್ಣನ ಪೂಜೆ ವಹಿಸಿಕೊಳ್ಳುತ್ತವೆ. ಆ ಅವಧಿಯಲ್ಲಿ ಬಂದವರಿಗೆಲ್ಲ ಊಟ ಹಾಕಬೇಕು. ಈ ಖರ್ಚಿನಲ್ಲಿ ಶಿರೂರು ಮಠ ಸಾಲಕ್ಕೆ ಬಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಅಲ್ಲಿನ ಧರ್ಮಾದಾಯ ಮಂಡಳಿ ಮಠದ ಆಡಳಿತದಲ್ಲಿ ಕೈಹಾಕಿತು. ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ.

ಆ ತೀರ್ಪನ್ನು ಈಗ ಓದಿದರೆ ಅದರ ಉದಾರತೆ ಕಣ್ಣಿಗೆ ಬೀಳುತ್ತೆ. ದೇವರಿಗೆ ಯಾವ ಹೊತ್ತಿಗೆ ಯಾವ ನೈವೇದ್ಯ ಇಡಬೇಕು ಎಂಬುದಕ್ಕೆ ದುಡ್ಡು ಖರ್ಚಾಗುತ್ತೆ ನಿಜ, ಹಾಗಂತ ಅದು ವ್ಯವಹಾರ ಆಗುವುದಿಲ್ಲ, ಧರ್ಮವೇ ಎಂದು ಕೋರ್ಟು ಹೇಳಿತು. ಖರ್ಚು ಎಷ್ಟಿರಬೇಕು ಎಂಬುದನ್ನು ಬೇಕಾದರೆ ಕಾನೂನು ನೋಡಿಕೊಳ್ಳಲಿ. ಇನ್ನು ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಅಂದರೆ ಸರ್ಕಾರ ಹೊರಗಡೆ ಕೂತು ಇದು ಬೇಕು, ಇದು ಬೇಡ ಅನ್ನುವ ಹಾಗಿಲ್ಲ.

ಕಾವಲಿಗೆಂದು ಕಟ್ಟಿದ ಈ ಬೇಲಿ ಬಹಳ ಬೇಗ ತಿರುಗಿಬಿತ್ತು. 1958ರಲ್ಲಿ ಬಕ್ರೀದ್‌ಗೆ ಗೋವನ್ನೇ ಬಲಿ ಕೊಡಬೇಕೆಂದಿಲ್ಲ, ಬೇರೆ ಪ್ರಾಣಿಗೂ ಅವಕಾಶವಿದೆ, ಹಾಗಾಗಿ ಅದು ಅತ್ಯಗತ್ಯ ಅಲ್ಲ ಎಂದು ಕೋರ್ಟು ಹೇಳಿತು. 1961ರಲ್ಲಿ ಅಜ್ಮೇರ್ ದರ್ಗಾದ ಪ್ರಕರಣ. ಧರ್ಮದ ಮೇಲೆ ಮೂಢನಂಬಿಕೆಯ ಪೊರೆಗಳೂ ಬೆಳೆದಿರುತ್ತವೆ, ಅವನ್ನು ಜರಡಿ ಹಿಡಿದು ಬೇರೆ ಮಾಡಬೇಕು ಎಂಬ ಅರ್ಥದ ಮಾತು ಅಲ್ಲಿ ಬಂತು. ಜರಡಿ ಯಾರ ಕೈಯಲ್ಲಿ? ನ್ಯಾಯಾಧೀಶರ ಕೈಯಲ್ಲಿ. ಅಲ್ಲಿಂದ ಮುಂದೆ ನಮ್ಮ ಕೋರ್ಟುಗಳು ಒಂಥರಾ ಧರ್ಮಶಾಸ್ತ್ರದ ಪರೀಕ್ಷಾ ಮಂಡಳಿಯೇ ಆಗಿಬಿಟ್ಟವು.

ಈ ಪರೀಕ್ಷೆಯ ಹೆಸರು 'ಅತ್ಯಗತ್ಯ ಧಾರ್ಮಿಕ ಆಚರಣೆ'. ಇದರಲ್ಲಿ ಪಾಸಾಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ಆನಂದಮಾರ್ಗಿಗಳನ್ನು ಕೇಳಬೇಕು. ಅವರ ಪಂಥ ಶುರುವಾಗಿದ್ದು 1955ರಲ್ಲಿ. ತಾಂಡವ ನೃತ್ಯ ಮಾಡಬೇಕೆಂದು ಅವರ ಗುರು ವಿಧಿಸಿದ್ದು 1966ರಲ್ಲಿ. ಕಲ್ಕತ್ತೆಯ ಬೀದಿಯಲ್ಲಿ ತಲೆಬುರುಡೆ, ಚಾಕು ಹಿಡಿದು ಕುಣಿಯಲು ಪೊಲೀಸರು ಬಿಡಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಕಾರಣ ನೋಡಿ: ತಾಂಡವ ಇಲ್ಲದೆಯೂ ಹನ್ನೊಂದು ವರ್ಷ ಪಂಥ ನಡೆದಿತ್ತಲ್ಲ, ಹಾಗಾದರೆ ಅದು ಅತ್ಯಗತ್ಯ ಹೇಗಾಗುತ್ತೆ? ಆಮೇಲೆ ಅವರ ಧರ್ಮಗ್ರಂಥದಲ್ಲೇ ತಾಂಡವ ಸೇರಿತು. 2004ರಲ್ಲಿ ಮತ್ತೆ ಸೋತರು. ಚಾಕು ಹಿಡಿದು ಬೀದಿಯಲ್ಲಿ ಕುಣಿಯುವುದನ್ನು ತಡೆಯಲು ಸಾರ್ವಜನಿಕ ಸುವ್ಯವಸ್ಥೆ ಎಂಬ ಒಂದೇ ಕಾರಣ ಸಾಕಿತ್ತು. ಅದು ಸಂವಿಧಾನದಲ್ಲೇ ಇದೆ. ಅದನ್ನು ಬಿಟ್ಟು, ನಿಮ್ಮ ಗುರು ಹೇಳಿದ್ದು ತಡವಾಯ್ತು ಅಂತ ಹೇಳುವ ಉಸಾಬರಿ ಕೋರ್ಟಿಗೆ ಯಾಕೆ ಬೇಕಿತ್ತೋ.

ಇನ್ನೊಂದು ನಮಗೆ ಹತ್ತಿರದ್ದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಜೈನರ ಸಂಥಾರಾ ವ್ರತ ಆತ್ಮಹತ್ಯೆಗೆ ಸಮ ಎಂದು ತೀರ್ಪು ಕೊಟ್ಟಿತು. ಅದು ಆ ಧರ್ಮಕ್ಕೆ ಅತ್ಯಗತ್ಯ ಎಂಬುದು ಸಾಬೀತಾಗಿಲ್ಲ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಸಂಥಾರಾ ಅಂದರೆ ನಮ್ಮ ಕಡೆ ಸಲ್ಲೇಖನ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದವರಿಗೆ ಇದು ಗೊತ್ತು. ಬಂಡೆಯ ಮೇಲೆಲ್ಲ ಶಾಸನಗಳು. ಇಂಥವರು ಇಲ್ಲಿ ವ್ರತ ಹಿಡಿದು ದೇಹ ಬಿಟ್ಟರು ಎಂದು ಒಂದಾದ ಮೇಲೊಂದು ಸಾವಿರದ ಮುನ್ನೂರು, ಸಾವಿರದ ನಾನೂರು ವರ್ಷದ ಹಿಂದಿನಿಂದ ಕೆತ್ತಿಟ್ಟಿದ್ದಾರೆ. ವಯಸ್ಸಾದವರೊಬ್ಬರು ಊಟ ಬಿಡುವ ನಿರ್ಧಾರ ನಿಜವಾಗಿ ಅವರದ್ದೇನಾ, ಮನೆಯವರ ಒತ್ತಡವಾ ಎಂದು ಕೇಳುವುದರಲ್ಲಿ ಅರ್ಥವಿದೆ. ಅದು ಕಷ್ಟದ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆ. ಗ್ರಂಥದಲ್ಲಿ ಕಡ್ಡಾಯ ಅಂತ ಇದೆಯಾ ಎಂದು ಹುಡುಕಲು ಕೂತರೆ ಆ ಮುದುಕರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ನನ್ನ ತಕರಾರು ಇಷ್ಟೇ. ಸಂವಿಧಾನದ 25ನೇ ವಿಧಿ ಹಕ್ಕು ಕೊಟ್ಟಿದ್ದು ಮನುಷ್ಯರಿಗೆ. 'ಎಲ್ಲ ವ್ಯಕ್ತಿಗಳಿಗೂ' ಅಂತಲೇ ಇದೆ, ಪ್ರಜೆಗಳಿಗೆ ಅಂತಲೂ ಅಲ್ಲ. ಇಲ್ಲಿಗೆ ಓದಲು ಬಂದ ವಿದೇಶಿ ಹುಡುಗನಿಗೂ ಅದು ಸಿಗುತ್ತೆ. ಕೊಟ್ಟದ್ದು ಏನು? ಮೊದಲನೆಯದು ಮನಸ್ಸಾಕ್ಷಿಯ ಸ್ವಾತಂತ್ರ್ಯ. ಧರ್ಮವನ್ನು ಒಪ್ಪಿಕೊಳ್ಳುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಆಮೇಲೆ ಬರುತ್ತೆ. ದಿನಬಳಕೆಯಲ್ಲಿ 'ಯಾಕೋ ನನ್ನ ಮನಸ್ಸಾಕ್ಷಿ ಒಪ್ಪಲ್ಲ' ಅಂತೀವಲ್ಲ, ಅದೇ. ಅದು ಒಬ್ಬೊಬ್ಬರದು. ಮಠಕ್ಕೆ, ಮಸೀದಿಗೆ, ಚರ್ಚಿಗೆ ಮನಸ್ಸಾಕ್ಷಿ ಇರುವುದಿಲ್ಲ. ಅವುಗಳಿಗೆ 26ನೇ ವಿಧಿ ಬೇರೆಯೇ ಇದೆ. ಆದರೆ ಕೋರ್ಟುಗಳು 25ನೇ ವಿಧಿಯ ಕೇಸು ಬಂದಾಗಲೂ ಈ ಮನುಷ್ಯ ಏನು ನಂಬುತ್ತಾನೆ ಎಂದು ಕೇಳುವುದು ಅಪರೂಪ. ಇವನ ಧರ್ಮ ಏನನ್ನುತ್ತೆ ಎಂದೇ ಕೇಳುತ್ತವೆ.

ಈ ವಿಧಿಯ ಕರಡು ಸಂವಿಧಾನ ಸಭೆಯಲ್ಲಿ ಚರ್ಚೆಯಾಗಿ ಪಾಸಾಗಿದ್ದು 1948ರ ಡಿಸೆಂಬರ್ 6ರಂದು. ನಾಲ್ಕೇ ದಿನ ಆದಮೇಲೆ, ಡಿಸೆಂಬರ್ 10ಕ್ಕೆ, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಅದರ 18ನೇ ವಿಧಿಯಲ್ಲೂ ಯೋಚನೆ, ಮನಸ್ಸಾಕ್ಷಿ, ಧರ್ಮ ಈ ಮೂರೂ ಒಟ್ಟಿಗೆ ಇವೆ. ಜೊತೆಗೆ ಧರ್ಮ ಬದಲಾಯಿಸುವ ಹಕ್ಕನ್ನೂ ಬಿಡಿಸಿ ಬರೆದರು. 48 ದೇಶ ಪರವಾಗಿ ಮತ ಹಾಕಿದವು, 8 ದೇಶ ತಟಸ್ಥ. ತಟಸ್ಥರಲ್ಲಿ ಸೌದಿ ಅರೇಬಿಯಾ ಇತ್ತು, ಧರ್ಮ ಬದಲಿಸುವ ಮಾತೇ ಅದಕ್ಕೆ ಹಿಡಿಸಿರಲಿಲ್ಲ. ಆ ಮಾತಿನ ಪರ ಗಟ್ಟಿಯಾಗಿ ನಿಂತವರಲ್ಲಿ ಒಬ್ಬರು ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫರುಲ್ಲಾ ಖಾನ್. ಅವರು ಅಹ್ಮದೀಯ ಪಂಥದವರು. 1974ರಲ್ಲಿ ಅವರದೇ ದೇಶ ಸಂವಿಧಾನ ತಿದ್ದಿ, ಅಹ್ಮದೀಯರು ಮುಸ್ಲಿಮರೇ ಅಲ್ಲ ಎಂದು ಬರೆದುಕೊಂಡಿತು. ಒಬ್ಬ ಮನುಷ್ಯ ತನ್ನನ್ನು ತಾನು ಏನೆಂದುಕೊಂಡಿದ್ದಾನೆ ಅನ್ನುವುದನ್ನು ಸರ್ಕಾರ ತೀರ್ಮಾನಿಸಿದರೆ ಎಲ್ಲಿಗೆ ಮುಟ್ಟುತ್ತೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ನಾಗರಿಕ ಮತ್ತು ರಾಜಕೀಯ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಭಾರತ 1979ರಲ್ಲಿ ಅದಕ್ಕೆ ಸೇರಿತು. ಅದರ ಪ್ರಕಾರ ಮನಸ್ಸಿನೊಳಗಿನ ನಂಬಿಕೆಗೆ ಯಾವ ಮಿತಿಯೂ ಇಲ್ಲ, ತುರ್ತು ಪರಿಸ್ಥಿತಿಯಲ್ಲೂ ಮುಟ್ಟುವಂತಿಲ್ಲ. ನಂಬಿಕೆ ಹೊರಗೆ ಆಚರಣೆಯಾಗಿ ಬಂದಾಗ ಮಾತ್ರ ಮಿತಿ ಹಾಕಬಹುದು. ನಮ್ಮ 25ನೇ ವಿಧಿ ಈ ಗೆರೆ ಎಳೆಯುವುದಿಲ್ಲ. ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಷರತ್ತುಗಳು ಮನಸ್ಸಾಕ್ಷಿಗೂ ಸೇರಿಯೇ ಶುರುವಿನಲ್ಲಿ ಕೂತಿವೆ.

ಹಾಗಾದರೆ 'ಅತ್ಯಗತ್ಯ' ಎಂಬ ಪದ ಎಲ್ಲಿಂದ ಬಂತು? ಸಂವಿಧಾನದಲ್ಲಿ ಅದು ಇಲ್ಲ. ಬಹಳ ಜನ ಅಂಬೇಡ್ಕರರ ಕಡೆ ಕೈ ತೋರಿಸುತ್ತಾರೆ. 1948ರ ಡಿಸೆಂಬರ್ 2ರಂದು ಅವರು ಆಡಿದ ಮಾತಿನ ಸಾರ ಹೀಗಿದೆ: ನಮ್ಮ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗೆ ಧರ್ಮ ಆವರಿಸದ ವಿಷಯವೇ ಇಲ್ಲ. ಎಲ್ಲವನ್ನೂ ಧರ್ಮ ಅಂತ ಬಿಟ್ಟರೆ ಸಮಾಜ ಒಂದು ಹೆಜ್ಜೆಯೂ ಮುಂದೆ ಹೋಗದು. ಹಾಗಾಗಿ ಮೂಲತಃ ಧಾರ್ಮಿಕವಾದದ್ದಕ್ಕೆ ಮಾತ್ರ ಧರ್ಮ ಅನ್ನೋಣ. ಅವರು ಕೊಟ್ಟ ಉದಾಹರಣೆ ಗೇಣಿ ಮತ್ತು ಉತ್ತರಾಧಿಕಾರದ ಕಾನೂನು. ಗಮನಿಸಿ, ಅವರ ಪ್ರಶ್ನೆ 'ಇದು ಧರ್ಮದ ವಿಷಯವೋ ಲೋಕವ್ಯವಹಾರವೋ' ಎಂಬುದು. ಕೋರ್ಟು ಅದನ್ನು 'ಇದು ಧರ್ಮಕ್ಕೆ ಬೇಕೇಬೇಕೋ, ಇಲ್ಲದಿದ್ದರೂ ನಡೆಯುತ್ತೋ' ಎಂದು ಬದಲಿಸಿಕೊಂಡಿತು. ಹಣೆಗೆ ಕುಂಕುಮ ಇಡುವುದು ಮೊದಲ ಪ್ರಶ್ನೆಗೆ ಸುಲಭವಾಗಿ 'ಧರ್ಮ' ಎಂಬ ಉತ್ತರ ಪಡೆಯುತ್ತೆ. ಎರಡನೆಯದರಲ್ಲಿ ಫೇಲ್ ಆದರೂ ಆಗಬಹುದು.

ಇಷ್ಟೆಲ್ಲದರ ನಡುವೆ ಒಂದು ತೀರ್ಪು ಬೇರೆ ದಾರಿ ಹಿಡಿಯಿತು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಒಡಹುಟ್ಟಿದವರನ್ನು ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಚಿಕ್ಕ ಕ್ರೈಸ್ತ ಪಂಥದ ಮಕ್ಕಳು. ರಾಷ್ಟ್ರಗೀತೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು, ಗೌರವಕ್ಕೆ ಕೊರತೆ ಇರಲಿಲ್ಲ. ಆದರೆ ಬಾಯಿ ತೆರೆಯುತ್ತಿರಲಿಲ್ಲ. ತಮ್ಮ ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದು ಎಂಬುದು ಅವರ ನಂಬಿಕೆ. 1986ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮಕ್ಕಳನ್ನು ಶಾಲೆಗೆ ವಾಪಸ್ ಸೇರಿಸಿಕೊಳ್ಳಿ ಎಂದರು. ಈ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೋ ಇಲ್ಲವೋ ಎಂಬುದು ಮುಖ್ಯವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ, ಮನಸ್ಸಾಕ್ಷಿಯಿಂದ ನಂಬಿದ್ದಾರಾ ಎಂಬುದೇ ಪ್ರಶ್ನೆ ಎಂದರು. ಅಷ್ಟು ಸರಳ. ಬೈಬಲಿನ ವ್ಯಾಖ್ಯಾನ ಬೇಕಾಗಲಿಲ್ಲ. ಬಹುಪಾಲು ಕ್ರೈಸ್ತರು ರಾಷ್ಟ್ರಗೀತೆ ಹಾಡುತ್ತಾರೆ ಎಂಬುದೂ ಅಡ್ಡ ಬರಲಿಲ್ಲ.

ಈಗ ಉಡುಪಿಯ ಕಾಲೇಜಿಗೆ ಬನ್ನಿ. 2021ರ ಕೊನೆಯಲ್ಲಿ ಹಿಜಾಬ್ ಧರಿಸಿದ ಕೆಲವು ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡಲಿಲ್ಲ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರಿ ಆದೇಶ ಬಂತು. ಕೇಸರಿ ಶಾಲು, ನೀಲಿ ಶಾಲು, ಮುಚ್ಚಿದ ಕಾಲೇಜು, ಟೀವಿ ಚರ್ಚೆ ಎಲ್ಲ ನೆನಪಿದೆ. ಮಾರ್ಚ್ 15ಕ್ಕೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕುರಾನಿನ ವಾಕ್ಯಗಳನ್ನು ನೋಡಿ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಎಂದಿತು. ಮನಸ್ಸಾಕ್ಷಿಯ ವಾದವೂ ಅಲ್ಲಿಗೆ ಹೋಗಿತ್ತು. ಅದಕ್ಕೆ ಬೇಕಾದ ವಿವರ, ಪುರಾವೆ ಅರ್ಜಿಯಲ್ಲಿ ಇಲ್ಲ ಎಂದು ಪೀಠ ಬದಿಗಿಟ್ಟಿತು. ಹುಡುಗಿಯರ ಕಡೆಯ ವಾದದ ಬಹುಭಾಗವೂ ಅತ್ಯಗತ್ಯ ಎಂದು ಸಾಬೀತು ಮಾಡುವುದರಲ್ಲೇ ಕಳೆಯಿತು ಅನ್ನುವುದನ್ನೂ ಹೇಳಬೇಕು. ಎಪ್ಪತ್ತು ವರ್ಷದಿಂದ ಕೋರ್ಟು ಆ ಒಂದೇ ಬಾಗಿಲು ತೆರೆದಿಟ್ಟಿದ್ದರೆ ಎಲ್ಲರೂ ಅಲ್ಲೇ ಸಾಲು ನಿಲ್ಲುತ್ತಾರೆ.

ಸುಪ್ರೀಂ ಕೋರ್ಟಿನಲ್ಲಿ, 2022ರ ಅಕ್ಟೋಬರ್ 13ರಂದು, ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ. ಹೇಮಂತ್ ಗುಪ್ತಾ ಸರ್ಕಾರದ ಆದೇಶ ಸರಿ ಎಂದರು. ಸುಧಾಂಶು ಧುಲಿಯಾ, ಅತ್ಯಗತ್ಯ ಆಚರಣೆಯ ದಾರಿಗೆ ಹೋಗಲೇಬಾರದಿತ್ತು, ಕೊನೆಗೆ ಇದು ಆಯ್ಕೆಯ ವಿಷಯ ಎಂದರು. ಅವರು ಆಧಾರವಾಗಿ ಹಿಡಿದದ್ದು ಕೇರಳದ ಆ ಮೂವರು ಮಕ್ಕಳ ತೀರ್ಪನ್ನೇ. ವಿಷಯ ದೊಡ್ಡ ಪೀಠಕ್ಕೆ ಎಂದು ಮುಖ್ಯ ನ್ಯಾಯಮೂರ್ತಿಗಳ ಬಳಿ ಹೋಯಿತು.

ಸಮವಸ್ತ್ರದ ವಾದವನ್ನು ನಾನು ಹಗುರಾಗಿ ತಗೊಳ್ಳುತ್ತಿಲ್ಲ. ತರಗತಿಯಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು ಎಂಬುದರಲ್ಲಿ ಒಂದು ಸಮಾನತೆಯ ಆಸೆ ಇದೆ. ಬಡವರ ಮಕ್ಕಳಿಗೆ ಅದರ ಬೆಲೆ ಗೊತ್ತು. ಮನೆಯವರ ಒತ್ತಾಯಕ್ಕೆ ತಲೆಗೆ ಬಟ್ಟೆ ಹಾಕುವ ಹುಡುಗಿಯರೂ ಇರುತ್ತಾರೆ. ಇವೆಲ್ಲ ಚರ್ಚೆ ಆಗಬೇಕಾದ ವಿಷಯವೇ. ಅವಳ ನಂಬಿಕೆ ನಿಜವಾದದ್ದಾದರೆ, ಅದರಿಂದ ಯಾರಿಗೆ ಏನು ತೊಂದರೆ, ಆ ತೊಂದರೆ ಅವಳ ಓದು ನಿಲ್ಲಿಸುವಷ್ಟು ದೊಡ್ಡದಾ ಎಂದು ನೇರವಾಗಿ ತೂಗಿ ನೋಡಬಹುದಿತ್ತು. ಅದರ ಬದಲು ಸುಮ್ನೆ ಏಳನೇ ಶತಮಾನದ ಪಠ್ಯದ ಅರ್ಥ ಬಿಡಿಸುತ್ತಾ ಕೂತೆವು.

ಇದಕ್ಕೆ ಒಂದು ಗಟ್ಟಿ ಎದುರುವಾದ ಇದೆ. ಅತ್ಯಗತ್ಯದ ಪರೀಕ್ಷೆ ತೆಗೆದುಬಿಟ್ಟರೆ ಜಾತಿಯ ಹೆಸರಲ್ಲಿ ಬಾಗಿಲು ಮುಚ್ಚುವವರೂ 'ಇದು ನಮ್ಮ ನಂಬಿಕೆ' ಅನ್ನುವುದಿಲ್ಲವಾ? ಸುಧಾರಣೆಯ ಗತಿ ಏನು? ಸಂವಿಧಾನದ ಕರಡು ತಯಾರಾಗುವಾಗಲೇ ಸಂವಿಧಾನ ಸಭೆಯ ಸದಸ್ಯೆ ರಾಜಕುಮಾರಿ ಅಮೃತ್ ಕೌರ್‌ಗೆ ಈ ಹೆದರಿಕೆ ಇತ್ತು. ಧರ್ಮವನ್ನು 'ಆಚರಿಸುವ' ಹಕ್ಕು ಅಂದರೆ ದೇವದಾಸಿ ಪದ್ಧತಿ, ಪರದಾ, ಸತಿ ಎಲ್ಲವೂ ಒಳಗೆ ಬಂದಾವು ಎಂದು ಅವರು ಎಚ್ಚರಿಸಿದ್ದರು.

ಉತ್ತರ ಹುಡುಕಲು ಕರಾವಳಿಯಲ್ಲೇ ಇನ್ನೊಂದು ಊರಿಗೆ ಹೋಗಬೇಕು. ಮೂಲ್ಕಿ. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು. ದಲಿತರಿಗೆ ದೇವಸ್ಥಾನ ತೆರೆಯುವ ಮದ್ರಾಸಿನ ಕಾನೂನು ತಮಗೆ ಅನ್ವಯಿಸುವುದಿಲ್ಲ ಎಂದು ಅವರು ವಾದ ಹೂಡಿದರು. ಕೇಸು ನಡೆಯುತ್ತಿದ್ದಂತೆ ರಾಜ್ಯಗಳ ಪುನರ್‌ವಿಂಗಡಣೆ ಆಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಹಾಗಾಗಿ ಎದುರುಪಕ್ಷವಾಗಿ ಮೈಸೂರು ಸರ್ಕಾರದ ಹೆಸರಿದೆ. ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತಾ? ಯಾರು ಒಳಗೆ ಬರಬೇಕು ಎಂಬುದು ಅವರ ಧರ್ಮದ ವಿಷಯವೇ ಹೌದು ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡೂ ಬಾಗಿಲು ತೆರೆಸಿತು. ಸಾರ್ವಜನಿಕ ಹಿಂದೂ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆಯಲು ಕಾನೂನು ಮಾಡಬಹುದು ಎಂದು 25ನೇ ವಿಧಿಯಲ್ಲೇ ಇದೆ, ಅದರ ಮುಂದೆ ಪಂಗಡದ ಹಕ್ಕು ತಗ್ಗಬೇಕು ಎಂದಿತು. ಕೆಲವು ವಿಶೇಷ ಪೂಜೆಗಳನ್ನಷ್ಟೇ ಆ ಸಮುದಾಯಕ್ಕೆ ಉಳಿಸಿತು.

ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತೆ. ಮೂಲ್ಕಿಯಲ್ಲಿ ಬಾಗಿಲು ತೆರೆಯಲು 'ನಿಮ್ಮ ನಂಬಿಕೆ ನಿಜವಾದ ಧರ್ಮ ಅಲ್ಲ' ಎಂದು ಯಾರಿಗೂ ಹೇಳಬೇಕಾಗಲಿಲ್ಲ. ನಂಬಿಕೆ ಇರಲಿ, ಅದರಿಂದ ಇನ್ನೊಬ್ಬ ಮನುಷ್ಯನ ಘನತೆಗೆ ಪೆಟ್ಟು ಬೀಳುತ್ತೆ, ಆದ್ದರಿಂದ ಬಿಡುವುದಿಲ್ಲ ಎಂದರೆ ಸಾಕಾಯಿತು. ಸುಧಾರಣೆಗೆ ಶಾಸ್ತ್ರಪರೀಕ್ಷೆ ಬೇಕಿಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಆದರೂ ಶಿರೂರು ಮಠದ ತೀರ್ಪನ್ನು ಎತ್ತಿ ಹೇಳುವಷ್ಟು ಇದನ್ನು ಹೇಳುವವರು ಕಡಿಮೆ.

ಮನಸ್ಸಾಕ್ಷಿಯ ಪದ ಕೋರ್ಟಿನಲ್ಲಿ ಜೋರಾಗಿ ಕೇಳಿಸಿದ್ದು ಮತಾಂತರದ ವಿಷಯದಲ್ಲಿ, ಅದೂ ವಿಚಿತ್ರ ರೀತಿಯಲ್ಲಿ. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಬಲವಂತದ ಮತಾಂತರದ ವಿರುದ್ಧ ಕಾನೂನು ಮಾಡಿದವು. 1977ರಲ್ಲಿ ಸುಪ್ರೀಂ ಕೋರ್ಟು ಅವನ್ನು ಎತ್ತಿಹಿಡಿಯಿತು. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ, ಹಾಗೆ ಮಾಡಿದರೆ ಆ ಇನ್ನೊಬ್ಬನ ಮನಸ್ಸಾಕ್ಷಿಗೆ ಧಕ್ಕೆ ಎಂದಿತು. ಸರಿ, ಆ ಇನ್ನೊಬ್ಬನ ಮನಸ್ಸಾಕ್ಷಿಯೇ ಮುಖ್ಯ ಅಂತ ಇಟ್ಟುಕೊಳ್ಳೋಣ. ಅವನೇ ಸ್ವಂತ ಇಷ್ಟದಿಂದ ಬದಲಾಗಲು ಹೊರಟರೆ?

ಕರ್ನಾಟಕದ 2022ರ ಕಾಯ್ದೆಯಲ್ಲಿ ಅವನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಬಹುದು. ದೇವರ ಜೊತೆಗಿನ ವಿಷಯಕ್ಕೆ ಊರಿನವರ ಆಕ್ಷೇಪಣೆ! ಸೈಟಿನ ಖಾತೆ ಬದಲಾವಣೆಯ ಹಾಗೆ. ಹಿಂದಿನ ಧರ್ಮಕ್ಕೆ ವಾಪಸ್ ಹೋಗುವುದಾದರೆ ಮಾತ್ರ ಅದು ಮತಾಂತರವೇ ಅಲ್ಲ. ಕಾಯ್ದೆ ಜಾಸ್ತಿ ಶಿಕ್ಷೆ ಇಟ್ಟಿರುವ ಪಟ್ಟಿ ಇನ್ನೂ ಯೋಚನೆಗೆ ಹಚ್ಚುತ್ತೆ. ಮಕ್ಕಳು ಮತ್ತು ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ಜೊತೆಗೇ ಮಹಿಳೆಯರನ್ನು, ಪರಿಶಿಷ್ಟ ಜಾತಿ, ಪಂಗಡದವರನ್ನು ಸೇರಿಸಿದೆ. ಬೆಳೆದ ಹೆಂಗಸಿಗೆ, ದಲಿತನಿಗೆ ತನ್ನ ಮನಸ್ಸು ತನಗೆ ಗೊತ್ತಿರಲಾರದು ಎಂಬ ಅನುಮಾನ ಅದರಲ್ಲಿದೆ. ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ 1935ರಲ್ಲೇ ಹೇಳಿದ್ದರು. ಯೋಚಿಸಿ, ಓದಿ, ಇಪ್ಪತ್ತೊಂದು ವರ್ಷ ಬಿಟ್ಟು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಇಂಥ ಕಾನೂನು ಅಂದು ಅಲ್ಲಿದ್ದಿದ್ದರೆ ನೋಟಿಸ್ ಬೋರ್ಡಿನಲ್ಲಿ ಜಾಗ ಸಾಲುತ್ತಿತ್ತಾ?

ಆಮಿಷ, ಬೆದರಿಕೆ, ಮೋಸ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆದರಿಕೆಗೆ, ವಂಚನೆಗೆ ಶಿಕ್ಷೆ ಕೊಡುವ ಕಾನೂನು ಮೊದಲಿನಿಂದಲೂ ಇದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ಕೈಬಿಡಲು ತೀರ್ಮಾನಿಸಿತು. ಬೇರೆ ರಾಜ್ಯಗಳಲ್ಲಿ ದಿಕ್ಕು ಉಲ್ಟಾ. ಉತ್ತರಪ್ರದೇಶ 2024ರಲ್ಲಿ ತಿದ್ದುಪಡಿ ತಂದು ಜೀವಾವಧಿ ಶಿಕ್ಷೆಯವರೆಗೆ ಹೋಯಿತು.

ಇಂಥದೇ 30 ದಿನದ ನೋಟಿಸನ್ನು ಹಿಮಾಚಲ ಪ್ರದೇಶ ಹೈಕೋರ್ಟು 2012ರಲ್ಲೇ ರದ್ದು ಮಾಡಿತ್ತು. ಮನುಷ್ಯನಿಗೆ ನಂಬುವ ಹಕ್ಕಿದೆ, ನಂಬಿಕೆ ಬದಲಿಸುವ ಹಕ್ಕಿದೆ, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕೂ ಇದೆ ಎಂದಿತು. 2017ರ ಖಾಸಗಿತನದ ತೀರ್ಪಿನಲ್ಲೂ ಇದೇ ಧ್ವನಿ ಇದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತನ್ನ ನಂಬಿಕೆಯನ್ನು ಲೋಕಕ್ಕೆ ಹೇಳುವುದೋ ಬಿಡುವುದೋ ಎಂಬ ಆಯ್ಕೆಯೂ 25ನೇ ವಿಧಿಯೊಳಗೇ ಇದೆ ಎಂದು ಆ ತೀರ್ಪಿನಲ್ಲಿ ಬರೆದಿದೆ.

ಹೇಳದೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಮಗಳನ್ನು ಶಾಲೆಗೆ ಸೇರಿಸುವಾಗ. ಅರ್ಜಿಯಲ್ಲಿ 'ಧರ್ಮ' ಎಂಬ ಕಾಲಂ ಖಾಲಿ ಬಿಟ್ಟಿದ್ದೆ. ಕೌಂಟರಿನಲ್ಲಿದ್ದವರು ಒಳ್ಳೆಯವರೇ. 'ಸಾರ್, ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳಲ್ಲ, ಏನೋ ಒಂದು ಹಾಕಿ' ಅಂದರು. ಧರ್ಮ ಹೇಳಿಕೊಳ್ಳಿ ಎಂದು ಯಾರನ್ನೂ ಸರ್ಕಾರ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟು 2014ರಲ್ಲಿ ಹೇಳಿದ್ದು ನೆನಪಿತ್ತು. ಆದರೆ ಹಿಂದೆ ಉದ್ದ ಕ್ಯೂ ಇತ್ತು. ಏನೋ ಒಂದು ಹಾಕಿದೆ.

ಶಬರಿಮಲೆಯ 2018ರ ತೀರ್ಪಿನ ಮರುಪರಿಶೀಲನೆಯಿಂದ ಹುಟ್ಟಿದ ದೊಡ್ಡ ಪ್ರಶ್ನೆಗಳು 9 ನ್ಯಾಯಮೂರ್ತಿಗಳ ಪೀಠಕ್ಕೆ ಹೋದವು. 2020ರ ಫೆಬ್ರವರಿಯಲ್ಲಿ ಆ ಪೀಠ ಏಳು ಪ್ರಶ್ನೆ ಬರೆದುಕೊಂಡಿತು. ಧರ್ಮದ ಸ್ವಾತಂತ್ರ್ಯದ ವ್ಯಾಪ್ತಿ ಎಷ್ಟು? ವ್ಯಕ್ತಿಯ ಹಕ್ಕಿಗೂ ಪಂಗಡದ ಹಕ್ಕಿಗೂ ಏನು ಸಂಬಂಧ? ನೈತಿಕತೆ ಅಂದರೆ ಸಾಂವಿಧಾನಿಕ ನೈತಿಕತೆಯಾ? ಆಚರಣೆಗಳನ್ನು ಕೋರ್ಟು ಎಷ್ಟರ ಮಟ್ಟಿಗೆ ಪರಿಶೀಲಿಸಬಹುದು? ಹೊರಗಿನವರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬಹುದಾ? ಎಲ್ಲವೂ ಕೇಳಲೇಬೇಕಾದವು. ಏಳನ್ನೂ ಎರಡೆರಡು ಸಲ ಓದಿದೆ. ಧರ್ಮ ಇದೆ, ಪಂಗಡ ಇದೆ, ನೈತಿಕತೆ ಇದೆ, ಸುವ್ಯವಸ್ಥೆ ಇದೆ. ಮನಸ್ಸಾಕ್ಷಿ ಎಂಬ ಪದ ಒಂದರಲ್ಲೂ ಇಲ್ಲ.